ಮುಸ್ಯೂ ಮಾರದ ಗಿಟಾರು

ಮುಸ್ಯೂ ತಮ್ಮ ಗಿಟಾರನ್ನು ನೆಲಕ್ಕೆ ಬಡಿದು ಒಡೆದರು ಎಂಬುದನ್ನು ನಾನು ನಂಬುವುದಿಲ್ಲ. ಸೌದಿಯ ಅಲ್ ಖೋಬರಿನಲ್ಲಿ ನಮ್ಮ ಕಡೆಯ ನಾಲ್ಕು ಜನ ಸೇರಿದರೆ, ಊಟ ಮುಗಿದು ಸುಲೈಮಾನಿ ಚಹಾ ಬರುವ ಹೊತ್ತಿಗೆ ಈ ಕತೆಯೂ ಬರುತ್ತದೆ. ಅದನ್ನು ಹೇಳುವ ರೀತಿಯಲ್ಲಿ ಎರಡು ಪಾಠಗಳಿವೆ. ಒಂದರಲ್ಲಿ ಮುಸ್ಯೂನ ಮನಸ್ಸು ತಿರುಗಿ, ಸಂಗೀತವೇ ಬೇಡವೆಂದು, ವರ್ಷಗಟ್ಟಲೆ ಕೂತು ಮಾಡಿದ್ದನ್ನು ಅವರೇ ಒಡೆಯುತ್ತಾರೆ. ಇನ್ನೊಂದರಲ್ಲಿ ಯಾರೋ ದೂರು ಕೊಟ್ಟು, ಯಾರೋ ಬಂದು ಒಡೆಯುತ್ತಾರೆ. ಇದು ಜುಬೈಲಿನಿಂದ ವಾರದ ರಜೆಗೆ ಬರುವವರ ಪಾಠ. ಮೊದಲನೆಯದನ್ನು ಕೇಳಿದವರು ತಲೆದೂಗುತ್ತಾರೆ, ಎರಡನೆಯದನ್ನು ಕೇಳಿದವರು ದನಿ ತಗ್ಗಿಸುತ್ತಾರೆ. ಒಡೆದ ಚೂರನ್ನು ಕಣ್ಣಾರೆ ಕಂಡವರು ಯಾರು ಎಂದು ನಾನು ಕೇಳಿದ್ದೇನೆ. ಒಬ್ಬರೂ ಇಲ್ಲ. ಕಂಡವರನ್ನು ಬಲ್ಲವರು ಮಾತ್ರ ಬೇಕಾದಷ್ಟು ಇದ್ದಾರೆ.

"ನೀನು ಎಲ್ಲದಕ್ಕೂ ಸಾಕ್ಷಿ ಕೇಳ್ತಿ ಮಾರಾಯ, ಇದೆಂತ ಕೋರ್ಟಾ?" ಎಂದು ಬೈಸಿಕೊಂಡೂ ಇದ್ದೇನೆ. ಕೋರ್ಟಲ್ಲ, ಒಪ್ಪಿದೆ. ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿ ಹತ್ತಿ ಅಂಟಿಕೊಂಡ ಚಟ ಅದು. ಹೇಳಿಕೆ ಎಷ್ಟು ಚಂದ ಇರುತ್ತದೋ ನನಗೆ ಅಷ್ಟು ಅನುಮಾನ.

ಕಳೆದ ತಿಂಗಳು ನಮ್ಮ ಆಫೀಸಿಗೆ ಸುದ್ದಿ ಬಂತು, ಮುಸ್ಯೂ ಫ್ರಾನ್ಸಿನಲ್ಲಿ ತಮ್ಮ ಊರಲ್ಲೇ ತೀರಿಕೊಂಡರಂತೆ. ಆ ಸಂಜೆ ಮೆಸ್ಸಿನಲ್ಲಿ ಹಸನಾಕ ಮತ್ತೊಮ್ಮೆ ಆ ಕತೆ ಹೇಳಿದರು. ಹಸನಾಕ ನಮ್ಮ ಕ್ಯಾಂಪಿನ ಅಡುಗೆಯವರು, ಬಂಟ್ವಾಳದ ಕಡೆಯ ಬ್ಯಾರಿ, ನನ್ನ ತಂದೆಯ ಪ್ರಾಯ. ಮೊದಲ ಪಾಠವನ್ನು ಅವರಷ್ಟು ಚೆನ್ನಾಗಿ ಹೇಳುವವರು ಈ ಇಡೀ ಕೊಲ್ಲಿಯ ಕರಾವಳಿಯಲ್ಲಿ ಇಲ್ಲ. ಹೊಸದಾಗಿ ಬಂದವರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ನಾನು ಎದ್ದು ಕೋಣೆಗೆ ಬಂದೆ. ನನಗೆ ಗೊತ್ತಿರುವ ಮನುಷ್ಯ ಆ ಕತೆಯಲ್ಲಿ ಇರಲಿಲ್ಲ.

ನಮ್ಮದು ದಮ್ಮಾಮ್ ರಸ್ತೆಯ ಬದಿಯ ಮರಗೆಲಸದ ವರ್ಕ್‌ಶಾಪು. ದೊಡ್ಡವರ ಮನೆಯಲ್ಲಿ ಅತಿಥಿಗಳನ್ನು ಕೂರಿಸುವ ಹಜಾರಗಳಿಗೆ ಬಾಗಿಲು, ಜಾಲರಿ, ಗೋಡೆಗೆ ಹೊದಿಸುವ ಹಲಗೆ, ಇಂಥವನ್ನೆಲ್ಲ ಮಾಡಿ ಕೊಡುತ್ತೇವೆ. ನಾನು ಅಲ್ಲಿ ಟೈಮ್‌ಕೀಪರ್. ಮುಸ್ಯೂ ವಿನೀರ್ ವಿಭಾಗದ ಮುಖ್ಯಸ್ಥರಾಗಿದ್ದರು. ಕಾಗದದಷ್ಟು ತೆಳ್ಳಗೆ ಸೀಳಿದ ಬಣ್ಣಬಣ್ಣದ ಮರವನ್ನು ಹಲಗೆಯ ಮೇಲೆ ಅಂಟಿಸಿ ಚಿತ್ತಾರ ಮೂಡಿಸುವ ಕೆಲಸ. 'ಮುಸ್ಯೂ' ಅಂದರೆ ಅವರ ಭಾಷೆಯಲ್ಲಿ ಬರೀ 'ಸ್ವಾಮಿ' ಅಂದ ಹಾಗೆ. ನಾವು ಅದನ್ನೇ ಹೆಸರು ಮಾಡಿಕೊಂಡೆವು. ಹಸನಾಕ ಇನ್ನೂ ಮುಂದೆ ಹೋಗಿ ಅದನ್ನು ಮೂಸಾ ಮಾಡಿ, ನಮ್ಮಲ್ಲಿ ಹಿರಿಯರನ್ನು ಕರೆಯುವ ಹಾಗೆ 'ಆಕ' ಸೇರಿಸಿ 'ಮೂಸಾಕ' ಮಾಡಿದರು. ಮುಸ್ಯೂ ಅದಕ್ಕೂ ಓಗೊಡುತ್ತಿದ್ದರು.

ಕಂಡ ಕಂಡ ಮರವನ್ನೆಲ್ಲ ನಡುಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಡುವುದು ಅವರ ಅಭ್ಯಾಸ. ಬಾಗಿಲು, ಪ್ಯಾಕಿಂಗ್ ಪೆಟ್ಟಿಗೆ, ಮೆಸ್ಸಿನ ಬೆಂಚು, ಯಾವುದನ್ನೂ ಬಿಡುತ್ತಿರಲಿಲ್ಲ. ಮೊದಲ ದಿನ ನನ್ನ ಆಫೀಸಿಗೆ ಬಂದವರು ಗುಡ್ ಮಾರ್ನಿಂಗ್ ಹೇಳುವ ಮೊದಲು ನನ್ನ ಮೇಜನ್ನು ಬಡಿದರು.

"ಹೇಗಿದೆ?" ಎಂದೆ.

"ಇದು ಯಾವತ್ತೂ ಮರ ಆಗಿರಲೇ ಇಲ್ಲ" ಎಂದು ಹೇಳಿ ಹಾಜರಿ ಪಟ್ಟಿಗೆ ಸಹಿ ಹಾಕಿ ಹೋದರು.

ಸತ್ತವರ ಬಗ್ಗೆ ಬರೆಯುವಾಗ ಎಲ್ಲರನ್ನೂ ಸಾಧುಗಳನ್ನಾಗಿ ಮಾಡಿಬಿಡುತ್ತೇವೆ. ಮುಸ್ಯೂ ಸಾಧುವಾಗಿರಲಿಲ್ಲ. ಯಾರಾದರೂ ಅಂಟಿಸಿದ ವಿನೀರಿನಲ್ಲಿ ಗಾಳಿಗುಳ್ಳೆ ಕಂಡರೆ ಒಂದು ಮಾತಿಲ್ಲದೆ ಉಗುರಿನಿಂದ ಎಬ್ಬಿಸಿ ಸರ್ರನೆ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಎರಡು ದಿನದ ಕೆಲಸ ಹೋಯಿತು ಎಂದು ಬಡಗಿ ಕಣ್ಣು ಕೆಂಪು ಮಾಡಿದರೆ "ಬುಕ್ರಾ" ಅನ್ನುತ್ತಿದ್ದರು, ನಾಳೆ ಮಾಡು ಅಂತ. ಅವರಿಗೆ ಬರುತ್ತಿದ್ದ ಅರಬ್ಬಿ ಹೆಚ್ಚುಕಮ್ಮಿ ಅಷ್ಟೇ. ಪಾಲಿಶ್ ವಿಭಾಗದ ಫಿಲಿಪಿನೋ ಒಬ್ಬ ಒಂದು ವರ್ಷ ಅವರ ಜೊತೆ ಮಾತು ಬಿಟ್ಟಿದ್ದ. ಮುಸ್ಯೂಗೆ ಅದು ಗೊತ್ತೇ ಆಗಿರಲಿಲ್ಲ ಎಂಬುದು ಅವನ ಇನ್ನೊಂದು ಸಿಟ್ಟು.

ಅವರದು ತಲೆತಲಾಂತರದಿಂದ ವಾದ್ಯ ಮಾಡುವ ಮನೆತನ. ಅಜ್ಜ, ಅಪ್ಪ, ಅಣ್ಣ ಎಲ್ಲರೂ ಪಿಟೀಲು ಮಾಡುವವರು. ಇವರೊಬ್ಬರು ದಾರಿ ಬಿಟ್ಟು ಗಿಟಾರಿಗೆ ಬಿದ್ದರು. ಅದೂ ಈಗಿನ ಗಿಟಾರಲ್ಲ, ಮುನ್ನೂರು ವರ್ಷ ಹಿಂದೆ ಅವರ ರಾಜರ ಆಸ್ಥಾನದಲ್ಲಿ ನುಡಿಸುತ್ತಿದ್ದ ಬರೋಕ್ ಗಿಟಾರು. ಶುಕ್ರವಾರ ಮಧ್ಯಾಹ್ನ ಅವರ ಕೋಣೆಗೆ ಹೋದರೆ ಮಂಚದ ಮೇಲೆ ಉಣ್ಣೆಯ ಕಂಬಳಿ ಬಿಚ್ಚಿ ತೋರಿಸುತ್ತಿದ್ದರು. ನಾವು ಸಿನಿಮಾದಲ್ಲಿ ಕಾಣುವುದಕ್ಕಿಂತ ಚಿಕ್ಕದು, ಸಪೂರ, ಮಗುವನ್ನು ಎತ್ತಿದ ಹಾಗೆ ಎತ್ತಬಹುದು. ತಂತಿಗಳು ಜೋಡಿ ಜೋಡಿ, ಐದು ಜೋಡಿ. ಸದ್ದು ಹೊರಡುವ ತೂತಿನ ಮೇಲೆ ತೊಗಲಿನ ಹಾಳೆಯಿಂದ ಕತ್ತರಿಸಿದ ಹೂವು, ಪದರ ಪದರವಾಗಿ ಒಳಕ್ಕೆ ಇಳಿದಿತ್ತು. ಮುಖದ ಹಲಗೆ ಅವರ ಅಜ್ಜ ಒಣಗಲು ಇಟ್ಟು ಹೋದ ಮರದ್ದು, ಊರಿಂದ ತಂದದ್ದು. ಬೆನ್ನಿಗೆ ನಮ್ಮ ವರ್ಕ್‌ಶಾಪಿನಲ್ಲಿ ಮಿಕ್ಕಿದ ಕರಿಮರದ ಪಟ್ಟಿಗಳು.

ನಾನು ಸುಮ್ಮನಿರುವವನಲ್ಲವಲ್ಲ. "ಈಗಿನ ಗಿಟಾರು ಇದಕ್ಕಿಂತ ಜೋರಾಗಿ ಕೇಳಿಸ್ತದೆ. ಸ್ವರವೂ ಹೆಚ್ಚು. ಒಳ್ಳೆಯದು ಬಂದ ಮೇಲೆ ಹಳೆಯದನ್ನು ಮಾಡುವುದಕ್ಕೆ ಎಂಥ ಸಮರ್ಥನೆ?" ಎಂದು ಕೇಳಿದೆ.

"ನಿನಗೆ ಜೋರಾಗಿ ಕೇಳಬೇಕಾ, ಹತ್ತಿರದಿಂದ ಕೇಳಬೇಕಾ?"

"ಇದು ಉತ್ತರ ಅಲ್ಲ, ಇನ್ನೊಂದು ಪ್ರಶ್ನೆ."

"ನೀನು ಎರಡನ್ನೂ ಕೇಳಿಲ್ಲ" ಎಂದರು. "ಕೇಳದೆ ಎಷ್ಟು ಚೆನ್ನಾಗಿ ಮಾತಾಡ್ತಿ."

ನಾಲ್ಕು ಜನರ ಎದುರು ಹೇಳಿದ್ದರೆ ಜಗಳವಾಗುತ್ತಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು, ಕಿಟಕಿಯ ಏಸಿ ಗರಗರ ಅನ್ನುತ್ತಿತ್ತು. ಅದನ್ನು ಅವರು ಬೇಕೆಂದೇ ಜೋರು ಮಾಡಿಡುತ್ತಿದ್ದರು, ಒಳಗಿನ ಸದ್ದು ಹೊರಗೆ ಹೋಗದ ಹಾಗೆ. ಸಂಗೀತವನ್ನು ಒಪ್ಪದವರಿರುವ ಈ ಊರಲ್ಲಿ ಅಷ್ಟು ಜಾಗ್ರತೆ ಎಲ್ಲರಿಗೂ ಇರುತ್ತದೆ. ಯಾರೂ ಯಾವತ್ತೂ ಬಂದು ಬಾಗಿಲು ಬಡಿದದ್ದಿಲ್ಲ. ಜುಬೈಲಿನವರು ಇದನ್ನು ದಯವಿಟ್ಟು ಗಮನಿಸಬೇಕು.

ಅವರ ಮನೆಯಲ್ಲಿ ಒಂದು ಕಬ್ಬಿಣದ ಮುದ್ರೆ ಇದೆಯಂತೆ. ಮನೆತನದ ಹೆಸರನ್ನು ಕೊರೆದದ್ದು. ವಾದ್ಯ ತಯಾರಾದ ಮೇಲೆ ಅದನ್ನು ಕಾಯಿಸಿ ಮರದ ಮೇಲೆ ಒತ್ತುವುದು. ಒತ್ತುವ ಅಧಿಕಾರ ಹಿರಿಯನದು, ಆಗ ಅದು ಅಪ್ಪನ ಕೈಯಲ್ಲಿತ್ತು. ಅದಕ್ಕೊಂದು ಕಟ್ಟಳೆ. ನುಡಿಸುವವನೊಬ್ಬ ಬಂದು, ನುಡಿಸಿ ನೋಡಿ, ನನಗೆ ಇದೇ ಬೇಕು ಎಂದು ತನ್ನ ದುಡ್ಡು ಕೊಟ್ಟು ಕೊಂಡರೆ ಮಾತ್ರ ಮುದ್ರೆ. ಮಾರಾಟವಾಗದ್ದಕ್ಕೆ ಇಲ್ಲ. ಉಡುಗೊರೆ ಕೊಟ್ಟದ್ದಕ್ಕೂ ಇಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬೇಕಾದರೂ ಹೊಗಳುತ್ತಾರೆ ಎಂದು ಅವರ ಮುತ್ತಜ್ಜ ಮಾಡಿದ ಕಟ್ಟಳೆಯಂತೆ. ಮುಸ್ಯೂ ಅದಕ್ಕೆ ಮೊದಲು ಎರಡು ಗಿಟಾರು ಮಾಡಿದ್ದರು, ಎರಡನ್ನೂ ಯಾರೂ ಕೊಂಡಿರಲಿಲ್ಲ. ಅಪ್ಪ ಅವನ್ನು ಆಟಿಕೆ ಎಂದು ಕರೆದಿದ್ದರು.

"ಕಟ್ಟಳೆ ಸರಿ ಇದೆ" ಎಂದೆ ನಾನು, ಅವರನ್ನು ಕೆಣಕಲು.

"ಸರಿಯೇ ಇದೆ" ಎಂದರು ಅವರು. "ನಾನೂ ಅದನ್ನು ಒಪ್ಪಿದವನೇ. ಅದೇ ಕಷ್ಟ."

ಈ ಮೂರನೆಯ ಗಿಟಾರಿಗೆ ಗಿರಾಕಿ ಸಿಕ್ಕಿದ್ದ. ಪ್ಯಾರಿಸಿನ ಒಬ್ಬ ವಾದಕ, ಅಣ್ಣನ ಪರಿಚಯದವನು. ಮುಸ್ಯೂ ರಜೆಯಲ್ಲಿ ಬಂದಾಗ ಅಪ್ಪನ ಎದುರೇ ನುಡಿಸಿ ನೋಡುತ್ತೇನೆ ಎಂದಿದ್ದ. ಅಪ್ಪನಿಗೆ ಎಂಬತ್ತು ದಾಟಿತ್ತು, ಹಾಸಿಗೆ ಹಿಡಿದಿದ್ದರು. ಐವತ್ತು ವರ್ಷದ ಮುಸ್ಯೂಗೆ ತಮ್ಮ ಮನೆಯ ಹೆಸರು ತಮ್ಮ ಕೈಕೆಲಸದ ಮೇಲೆ ಬೀಳುವುದನ್ನು ನೋಡಲು ಉಳಿದಿದ್ದದ್ದು ಇದೊಂದು ಅವಕಾಶ.

ಆದರೆ ಊರಿಂದ ತರಿಸಿದ ತಂತಿಗಳು ನಡುಬೇಸಗೆಯಲ್ಲಿ ಯಾವುದೋ ಗೋದಾಮಿನಲ್ಲಿ ಬೆಂದು, ಕೈಗೆ ಬರುವಾಗ ಒಣಕಡ್ಡಿಯಂತೆ ಮುರಿಯುತ್ತಿದ್ದವು. ಆ ವಾದ್ಯಕ್ಕೆ ಲೋಹದ ತಂತಿ ಆಗುವುದಿಲ್ಲ. ಕುರಿಯ ಕರುಳನ್ನು ಹುರಿ ಮಾಡಿ ಒಣಗಿಸಿದ ತಂತಿಯೇ ಬೇಕು. ಗಿಟಾರಿನ ಕುತ್ತಿಗೆಗೆ ಸ್ವರದ ಗೆರೆಗಳಾಗಿ ಕಟ್ಟುವುದೂ ಕರುಳೇ. ಊರಿಗೆ ಹೋದ ಮೇಲೆ ಹಾಕಿದರಾಯಿತಲ್ಲ ಎಂದೆ. ಹೊಸ ವಾದ್ಯ ವಾರಗಟ್ಟಲೆ ತಂತಿಯ ಎಳೆತದಲ್ಲಿ ನಿಂತು ಪಳಗಬೇಕು, ಇವತ್ತು ಕಟ್ಟಿ ನಾಳೆ ನುಡಿಸಿದರೆ ಅದು ಮೂಗಿಯ ಹಾಗೆ ಇರುತ್ತದೆ ಎಂದರು.

ಬಕ್ರೀದ್ ಹತ್ತಿರ ಬರುತ್ತಿತ್ತು. ಹಸನಾಕ ಈ ಗೋಳು ಕೇಳಿ, "ಕರುಳಾ? ಅದಕ್ಕೆಂತ ಇಷ್ಟು ಚಿಂತೆ? ನಾನು ತಂದು ಕೊಡ್ತೇನೆ ಅಂತ ಹೇಳು ಮೂಸಾಕನಿಗೆ" ಎಂದರು. ನಮ್ಮ ಕಫೀಲ್, ಅಂದರೆ ಕಂಪೆನಿಯ ಮಾಲೀಕರು, ಬಕ್ರೀದಿಗೆ ತಮ್ಮ ತೋಟದಲ್ಲಿ ದೇವರ ಹೆಸರಿನಲ್ಲಿ ಕುರಿ ಕೊಯ್ಯುವ ಕುರ್ಬಾನಿ ಮಾಡಿಸುತ್ತಿದ್ದರು. ಕ್ಯಾಂಪಿನವರಲ್ಲಿ ಶಕ್ತಿ ಇದ್ದವರೂ ತಮ್ಮ ಹೆಸರಿನ ಕುರಿಯನ್ನು ಅಲ್ಲೇ ಕೊಡುತ್ತಿದ್ದರು. ಆ ವರ್ಷ ಹಸನಾಕನದೂ ಒಂದು ಇತ್ತು.

ಹಬ್ಬದ ಮರುದಿನ ಹಸನಾಕ ಮುಚ್ಚಿದ ಬಕೆಟ್ ಹಿಡಿದು ಮುಸ್ಯೂನ ಕೋಣೆಗೆ ಬಂದರು. ಮುಸ್ಯೂನ ಇಂಗ್ಲಿಷಿಗೂ ಹಸನಾಕನ ಬ್ಯಾರಿಗೂ ನಡುವೆ ಮಾತು ದಾಟಿಸಲು ನಾನಿದ್ದೆ. ಮುಸ್ಯೂ ಮುಚ್ಚಳ ತೆಗೆದು ನೋಡಿ, ಮುಖ ಅರಳಿಸಿ, ಮೊದಲು ಮಾಡಿದ ಕೆಲಸ ಪರ್ಸು ತೆಗೆದದ್ದು. ಯಾರ ಹಂಗೂ ಇಟ್ಟುಕೊಳ್ಳದ ಮನುಷ್ಯ, ಒಂದು ಸಿಗರೇಟು ತೆಗೆದುಕೊಂಡರೂ ಮರುದಿನ ಹಿಂದಿರುಗಿಸುವವರು. ಹಸನಾಕ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಬೇಡ, ಬೇಡ. ಇದು ಕುರ್ಬಾನಿಯದ್ದು ಅಂತ ಹೇಳು. ಇದಕ್ಕೆ ದುಡ್ಡು ತಗೊಳ್ಳುವ ಹಾಗಿಲ್ಲ."

ನಾನು ಹೇಳಿದೆ. ಮುಸ್ಯೂ ಪರ್ಸು ಹಿಡಿದುಕೊಂಡೇ, "ಹಾಗಂದರೆ?" ಎಂದು ಕೇಳಿದರು. ಸಂಜೆ ನಾನು ಜಾಫರ್ ಸಾಹೇಬರನ್ನು ವಿಚಾರಿಸಿದೆ. ಅವರು ಭಟ್ಕಳದವರು, ನಮ್ಮ ಸ್ಟೋರಿನ ಮ್ಯಾನೇಜರ್, ಇಂಥ ವಿಷಯ ಓದಿಕೊಂಡವರು. "ಹೌದು, ಕುರ್ಬಾನಿ ಕೊಟ್ಟ ಪ್ರಾಣಿಯ ಯಾವ ಭಾಗವನ್ನೂ ಮಾರುವ ಹಾಗಿಲ್ಲ. ತೊಗಲನ್ನು ಕೂಡ. ಸ್ವಂತಕ್ಕೆ ಬಳಸಬಹುದು, ಸುಮ್ಮನೆ ಕೊಡಬಹುದು" ಎಂದರು. ಅದನ್ನು ಮುಸ್ಯೂಗೆ ಒಪ್ಪಿಸಿದೆ. ಅವರು ಮತ್ತೆ ಪರ್ಸಿಗೆ ಕೈ ಹಾಕದೆ ಬಕೆಟ್ಟಿನ ಮುಂದೆ ಕೂತರು. ಅಷ್ಟು ದೊಡ್ಡದನ್ನು ಒಬ್ಬ ಅಡುಗೆಯವ ತನಗೆ ಯಾಕೆ ಕೊಟ್ಟ ಎಂದು ಯೋಚಿಸುತ್ತಿದ್ದಿರಬೇಕು. ನಾನು ವಾಸನೆಗೆ ಮೂಗು ಮುಚ್ಚಿಕೊಂಡಿದ್ದೆ.

ಆಮೇಲಿನ ವಾರ ಇಡೀ ಕ್ಯಾಂಪು ಮೂಗು ಮುಚ್ಚಿಕೊಂಡಿತು. ತಂತಿ ಮಾಡುವುದು ಮುಸ್ಯೂನ ಕಸುಬಲ್ಲ, ಅಜ್ಜ ಹೇಳಿದ ನೆನಪಷ್ಟೇ ಬಂಡವಾಳ. ಹಸನಾಕ ಬೋಟಿ ಕೆರೆದು ತೊಳೆಯುವುದರಲ್ಲಿ ಪಳಗಿದವರು. ಇಬ್ಬರೂ ಅಡುಗೆಮನೆಯ ಹಿಂದೆ ಕೂತು, ಸೋಡಾ ನೀರಿನಲ್ಲಿ ನೆನೆಹಾಕಿ, ಕೆರೆದು, ಎಳೆ ಸೀಳಿ, ಕೈ ಡ್ರಿಲ್ಲಿನ ಬಾಯಿಗೆ ಸಿಕ್ಕಿಸಿ ಹುರಿ ಮಾಡಿದರು. ಒಬ್ಬರದು ಫ್ರೆಂಚು, ಇನ್ನೊಬ್ಬರದು ಬ್ಯಾರಿ.

"ತಿರುಗಿಸು ಮೂಸಾಕ, ಇನ್ನೂ ತಿರುಗಿಸು. ಅಯ್ಯೋ, ಸಾಕು ಮಾರಾಯ್ರೇ, ತುಂಡಾಗ್ತದೆ."

ಮೊದಲ ಸಲದ್ದೆಲ್ಲ ಕೊಳೆತುಹೋಯಿತು. ಆ ಬಕೆಟ್ಟಿನದ್ದೇ ಅರ್ಧವನ್ನು ಹಸನಾಕ ಐಸಿನಲ್ಲಿ ಉಳಿಸಿಟ್ಟಿದ್ದರು; ಅದರಿಂದ ಎರಡನೆಯ ಸಲ ಮಾಡಿದ್ದನ್ನು ಮುಸ್ಯೂನ ಕೋಣೆಯ ಏಸಿಯ ಎದುರು ಎಳೆದು ಕಟ್ಟಿ ಒಣಗಿಸಿ, ಉಪ್ಪುಕಾಗದದಿಂದ ನಯ ಮಾಡಿದರು. ಅದು ನಿಂತಿತು.

ಆ ಗಿಟಾರಿನ ಮೊದಲ ಸ್ವರ ಕೇಳಿದವರು ನಾವು ಮೂವರು. ಹೊಗಳಿ ಬರೆಯಲು ನನಗೆ ಸಂಗೀತ ಗೊತ್ತಿಲ್ಲ. ಪಕ್ಕದಲ್ಲಿ ಕೂತವರು ನಮಗೆ ಮಾತ್ರ ಕೇಳುವ ಹಾಗೆ ಏನೋ ಹೇಳಿದಂತಿತ್ತು, ಅದಕ್ಕಾಗಿ ನಾನೇ ಎದ್ದು ಏಸಿ ಬಂದ್ ಮಾಡಿದೆ. ಹಸನಾಕ ತಲೆಯ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸಂಗೀತ ಹರಾಮೋ ಹಲಾಲೋ ಎಂದು ನಾನು ಆ ದಿನ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಸ್ಯೂ ರಜೆಗೆ ಹೋದರು. ಬರುವಾಗ ಕೈ ಖಾಲಿ. ಅಂದು ಮೆಸ್ಸಿನ ಮೂಲೆಯ ಮೇಜಿನಲ್ಲಿ ನಾನೂ ಅವರೂ ಕೂತಿದ್ದೆವು, ಹಸನಾಕ ಚಹಾ ತಂದಿಟ್ಟು ಅಲ್ಲೇ ನಿಂತರು. ಮುಸ್ಯೂ ಹೇಳುತ್ತ ಹೋದರು, ನಾನು ಬ್ಯಾರಿಯಲ್ಲಿ ಹೇಳುತ್ತ ಹೋದೆ.

ಅಪ್ಪ ಹಾಸಿಗೆಯಲ್ಲೇ ಗಿಟಾರಿನ ಬೆನ್ನು ಬಡಿದು ಕೇಳಿದರಂತೆ. ವಾದಕ ನುಡಿಸಿ, ಎದ್ದು, ಇದು ನನಗೆ ಬೇಕು ಎಂದನಂತೆ. ಅಪ್ಪ ಮಗನ ಮುಖ ನೋಡಿ "ಮಾರು" ಎಂದರಂತೆ. "ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ" ಎಂದರು ಮುಸ್ಯೂ.

"ಮತ್ತೆ?"

"ಇದನ್ನು ಮಾರುವ ಹಾಗಿಲ್ಲ ಅಂದೆ. ಕಾರಣ ಹೇಳಿದೆ. ಅಪ್ಪ ತಮಾಷೆ ಅಂದುಕೊಂಡು ನಕ್ಕರು. ಆಮೇಲೆ ನಗಲಿಲ್ಲ. ಮೂರನೆಯದೂ ಆಟಿಕೆಯೇ ಆಯಿತಲ್ಲ ಅಂದರು."

ಮುದ್ರೆ ಬೀಳಲಿಲ್ಲ. ಗಿಟಾರು ಅಮ್ಮನ ಕೋಣೆಯ ಗೋಡೆಯಲ್ಲಿ ತೂಗುತ್ತಿದೆ, ಇಡಿಯಾಗಿ, ಹತ್ತೂ ತಂತಿಗಳ ಸಮೇತ.

ನನಗೆ ಸಿಟ್ಟು ಬಂತು. ಇಂಥ ಸೋಲನ್ನು ನಾನು ವೇದಿಕೆಯ ಮೇಲೆ ಒಪ್ಪಿದವನಲ್ಲ. ತಂತಿ ಬಿಚ್ಚಿ ಬೇರೆ ಹಾಕಿ ಮಾರಬಹುದಿತ್ತಲ್ಲ, ಎಂದೆ. ಆ ನಿಯಮ ಕೊಟ್ಟವನಿಗೆ, ಪಡೆದವನಿಗಲ್ಲ, ಎಂದೆ. ಅಲ್ಲದೆ ನೀವು ಮುಸ್ಲಿಮರೇ ಅಲ್ಲ, ನಿಮಗೆಲ್ಲಿಯ ಕಟ್ಟು, ಎಂದೆ.

"ಮರ ಮೊದಲು ಅಲುಗಿದ್ದು ಆ ತಂತಿಗೆ" ಎಂದರು ಮುಸ್ಯೂ. "ಇನ್ನು ಅದನ್ನು ಬೇರೆ ಮಾಡಿ ಲೆಕ್ಕ ಹಾಕಲು ನನ್ನಿಂದ ಆಗುವುದಿಲ್ಲ. ಹಸನ್ ತನ್ನ ದೇವರಿಗೆ ಕೊಟ್ಟದ್ದರಲ್ಲಿ ನನಗೆ ಪಾಲು ಕೊಟ್ಟ. ನಾನು ಅದನ್ನು ಪ್ಯಾರಿಸಿನಲ್ಲಿ ಮಾರುವುದಾ?" ಒಂದು ಗುಟುಕು ಚಹಾ ಕುಡಿದು ಸೇರಿಸಿದರು, "ನಿನ್ನ ವಾದ ಗಟ್ಟಿ ಇದೆ. ಆದರೆ ಇಡೀ ಗಟ್ಟಿ ಮರ ಸದ್ದು ಮಾಡುವುದಿಲ್ಲ. ಒಳಗೆ ಸ್ವಲ್ಪ ಜಾಗ ಬಿಡಬೇಕು."

ನಾನು ಅದನ್ನೂ ಹಸನಾಕನಿಗೆ ಹೇಳಿದೆ. ಹಸನಾಕ ಕೇಳಿದ್ದು ಒಂದೇ, "ಅಪ್ಪ ಈಗ ಹೇಗಿದ್ದಾರಂತೆ?"

"ಇದ್ದಾರೆ. ಈ ಚಳಿ ದಾಟಿದರೆ ಹೆಚ್ಚು."

ಹಸನಾಕ ಇನ್ನೂ ಚಹಾ ಇದ್ದ ಗ್ಲಾಸುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಅಪ್ಪ ಆ ಚಳಿಯನ್ನು ದಾಟಲಿಲ್ಲ. ಮುದ್ರೆ ಅಣ್ಣನ ಕೈಗೆ ಹೋಯಿತು, ಮುಸ್ಯೂ ಅದರ ಮಾತೆತ್ತಲಿಲ್ಲ. ಮರುವರ್ಷ ಅವರ ಕಾಂಟ್ರಾಕ್ಟು ಮುಗಿಯಿತು. ಹೊರಡುವ ದಿನ ಏರ್‌ಪೋರ್ಟಿನ ಗಾಡಿ ಹತ್ತುವ ಮೊದಲು ಅಡುಗೆಮನೆಗೆ ಹೋಗಿ ಹಸನಾಕನ ಕೈ ಹಿಡಿದುಕೊಂಡು ನಿಂತಿದ್ದರು. ಮೇಜು, ಬಾಗಿಲು ಯಾವುದನ್ನೂ ಬಡಿಯಲಿಲ್ಲ. ಒಡೆದ ಕತೆ ಹುಟ್ಟಿದ್ದು ಅವರು ಹೋದ ಮೇಲೆ. ಅದರ ಮೂಲ ಹುಡುಕುತ್ತ ನಾನು ಒಬ್ಬೊಬ್ಬರನ್ನೇ ಕೇಳಿದೆ, ನಿನಗೆ ಹೇಳಿದ್ದು ಯಾರು, ಅವನಿಗೆ ಹೇಳಿದ್ದು ಯಾರು ಎಂದು. ಜುಬೈಲಿನ ಪಾಠವೂ ಸೇರಿ ಎಲ್ಲವೂ ಹಸನಾಕನ ಅಡುಗೆಮನೆಗೇ ಬಂದು ಮುಟ್ಟಿದವು. ನನ್ನನ್ನು ಬಿಟ್ಟರೆ ಸತ್ಯ ಪೂರ್ತಿ ಗೊತ್ತಿದ್ದ ಒಬ್ಬರೇ ಒಬ್ಬರು ಸುಳ್ಳನ್ನು ಯಾಕೆ ಹಬ್ಬಿಸುತ್ತಾರೆ? ಇದು ನನಗೆ ಬಗೆಹರಿದಿರಲಿಲ್ಲ.

ಮುಸ್ಯೂ ತೀರಿಕೊಂಡ ಸುದ್ದಿ ಬಂದ ವಾರ ಸ್ಟೋರಿನಲ್ಲಿ ಜಾಫರ್ ಸಾಹೇಬರ ಹತ್ತಿರ ಈ ಮಾತು ಬಂತು. ಕುರ್ಬಾನಿಯ ಕರುಳು ಎಂದ ಕೂಡಲೇ ಅವರು ಕನ್ನಡಕ ತೆಗೆದರು.

"ಯಾವ ಕುರ್ಬಾನಿಯ ಕರುಳು? ಆ ಹಬ್ಬದಲ್ಲಿ ತೋಟದ ಉಸ್ತುವಾರಿ ನನ್ನದೇ ಇತ್ತಲ್ಲ. ನಾತ ಬರ್ತದೆ ಅಂತ ಕರುಳೆಲ್ಲ ಅಲ್ಲೇ ಹೊಂಡ ತೋಡಿ ಮುಚ್ಚಿಸಿದ್ದೇನೆ. ಹಸನ್ ಅಡುಗೆ ಬಿಟ್ಟು ಬರಲಿಕ್ಕೆ ಆಗದೆ ತೋಟಕ್ಕೆ ಬರಲೇ ಇಲ್ಲ. ಮರುದಿನ ನನ್ನ ಪಿಕಪ್ಪಿನಲ್ಲೇ ಮಾಂಸದ ಅಂಗಡಿಗೆ ಹೋಗಿ ಬಕೆಟ್ ತುಂಬಿಸಿಕೊಂಡು ಬಂದದ್ದು ಅವ."

"ನೀವು ಆಗಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ದು ನಿಯಮ. ನಾನು ನಿಯಮ ಹೇಳಿದೆ" ಎಂದರು ಜಾಫರ್ ಸಾಹೇಬರು.

ನಾನು ನೇರ ಅಡುಗೆಮನೆಗೆ ಹೋದೆ. ಮಧ್ಯಾಹ್ನದ ಊಟ ಮುಗಿದಿತ್ತು. ಹಸನಾಕ ದೊಡ್ಡ ತಟ್ಟೆಯಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.

"ಎಂತ ಮೋನು, ಹೊಟ್ಟೆ ತುಂಬಲಿಲ್ಲವಾ?" ಎಂದರು. ಮೋನು, ಅಂದರೆ ಮಗ, ಎಂದೇ ಅವರು ನನ್ನನ್ನು ಕರೆಯುವುದು.

ನಾನು ಸ್ಟೂಲು ಎಳೆದು ಎದುರು ಕೂತು ಜಾಫರ್ ಸಾಹೇಬರು ಹೇಳಿದ್ದನ್ನು ಹೇಳಿದೆ. ಅಕ್ಕಿಯ ಮೇಲೆ ಅವರ ಕೈ ಆಡುತ್ತಲೇ ಇತ್ತು.

"ಅವರು ಪರ್ಸು ತೆಗೆದ್ರು" ಎಂದರು ಕೊನೆಗೆ. "ನೀನು ನೋಡಿದ್ದಿ ಅಲ್ಲ? ಬೇಡ ಅಂದ್ರೆ ಕೇಳುವ ಜನವಾ ಅದು? ಒಂದು ಬಕೆಟ್ ಕರುಳಿಗೆ ಅವರ ಹತ್ರ ದುಡ್ಡು ತಗೊಳ್ಳುದಾ ನಾನು? ಬಾಯಿಗೆ ಬಂದದ್ದು ಹೇಳಿದೆ. ಇಷ್ಟು ದೂರ ಹೋಗ್ತದೆ ಅಂತ ಯಾರಿಗೆ ಗೊತ್ತುಂಟು?"

"ಅದು ಸರಿ" ಎಂದೆ. ಅದು ನಿಜಕ್ಕೂ ಸರಿಯೇ. ನನ್ನ ತಂದೆಯಾದರೂ ಹಾಗೆಯೇ ಹೇಳುತ್ತಿದ್ದರು. "ಅದರಲ್ಲಿ ನಿಮ್ಮ ತಪ್ಪು ಎಂತದೂ ಇಲ್ಲ. ನಾನು ಕೇಳುವುದು ಅದಲ್ಲ."

ಅವರ ಕೈ ನಿಂತಿತು.

"ಅವರು ಕೈ ಖಾಲಿ ಮಾಡಿಕೊಂಡು ವಾಪಸ್ ಬಂದ ದಿನ, ಅಪ್ಪ ಇನ್ನೂ ಬದುಕಿದ್ದರು. ಅದು ಅಂಗಡಿಯದ್ದು, ಮಾರಿ, ಎಂದು ನೀವು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದನ್ನು ಅವರಿಗೆ ದಾಟಿಸಲು ನಾನು ಅಲ್ಲೇ ಕೂತಿದ್ದೆ. ಅದು ಬಿಟ್ಟು, ಅವರು ಹೋದ ಮೇಲೆ ಗಿಟಾರು ಒಡೆದ ಕತೆ ಕಟ್ಟಿ ಆ ಸುಳ್ಳನ್ನು ಮುಚ್ಚಿದಿರಿ. ಯಾಕೆ ಹೇಳಲಿಲ್ಲ, ಹಸನಾಕಾ?"